ಕುಂಡದ ಕಾಡುಬಸಳೆಗೆ ಮರುಹುಟ್ಟು

ಬಳ್ಳಾರಿ ಸೀಮೆಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನಿಂದ ಬಂದವರು ನಗೆಯಾಡುವುದುಂಟು. ಮಾತಿನಲ್ಲಿ ಅತಿಶಯೋಕ್ತಿ ಇದ್ದರೂ ಅದು ಪೂರ್ತಿ ಸುಳ್ಳಲ್ಲ. ಬೇಸಿಗೆಯಲ್ಲಿ ಉಷ್ಣಮಾನ 40 ಡಿಗ್ರಿಯನ್ನು ದಾಟುವ ಈ ನಾಡಿನಲ್ಲಿ ಮನೆ ಕಟ್ಟುವವರು ಮೊದಲು ಯೋಚಿಸುವುದು ಬಿಸಿಲನ್ನು ಹೊರಗಿಡುವ ಬಗೆಯನ್ನು. ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯ ನಡುವೆ ಒಂದು ಬೆಳಕಿಂಡಿ, ಇದು ನಮ್ಮ ಹಿರಿಯರು ಕಂಡುಕೊಂಡ ಉಪಾಯ. ಮನುಷ್ಯರಿಗೆ ಇದು ಹಿತವೇ ಸರಿ. ಆದರೆ ಅಂಥ ಮನೆಯೊಳಗೆ ಅಂದಕ್ಕೆಂದು ತಂದಿಟ್ಟ ಕುಂಡದ ಗಿಡಕ್ಕೆ ಇದು ಹಿತವಲ್ಲ. ಈ ಸಂಗತಿಯನ್ನು ನಾನು ತಡವಾಗಿ, ಒಂದು ಗಿಡವನ್ನು ಕಳೆದುಕೊಂಡ ಮೇಲೆ ತಿಳಿದೆನು. ಆ ತಿಳಿವಳಿಕೆಯನ್ನು ವಾಚಕರೊಡನೆ ಹಂಚಿಕೊಳ್ಳುವುದು ಈ ಬರೆಹದ ಉದ್ದೇಶ.

ಗಿಡ ಅಪರೂಪದ್ದೇನೂ ಅಲ್ಲ. ಅದು ಕಾಡುಬಸಳೆ. ದಪ್ಪನೆಯ, ರಸ ತುಂಬಿದ ಎಲೆ. ಎಲೆಯ ಅಂಚಿನಲ್ಲಿ ಗರಗಸದ ಹಲ್ಲಿನಂತೆ ಕಚ್ಚುಗಳು. ಚಳಿಗಾಲದ ಕೊನೆಯಲ್ಲಿ ಗಂಟೆಯಂತೆ ಜೋತುಬೀಳುವ ಕೆಂಪು ಛಾಯೆಯ ಹೂಗಳು. ನಮ್ಮ ಪಕ್ಕದ ತೆಲುಗಿನವರು ಇದನ್ನು ರಣಪಾಲ ಎಂದು ಕರೆಯುತ್ತಾರೆ. ಹೆಸರಿನಲ್ಲಿ ಬಸಳೆ ಇದ್ದರೂ ಸಾರು ಮಾಡುವ ಬಸಳೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಎಲೆಯ ದಪ್ಪವನ್ನು ಕಂಡು ಜನ ಹಾಗೆ ಕರೆದಿರಬೇಕು. ಸಸ್ಯಶಾಸ್ತ್ರಜ್ಞರು ಇದನ್ನು ಕಲಾಂಕೊ ಪಿನ್ನಾಟ ಎನ್ನುತ್ತಾರೆ. ಹಿಂದೆ ಬ್ರಯೋಫಿಲ್ಲಮ್ ಎಂದು ಕರೆಯುತ್ತಿದ್ದರು, ಶಾಲೆಯ ಪಾಠಗಳಲ್ಲಿ ಆ ಹೆಸರು ಈಗಲೂ ಕಿವಿಗೆ ಬೀಳುತ್ತದೆ. ಇದರ ತವರು ಆಫ್ರಿಕದ ಪೂರ್ವಕ್ಕಿರುವ ಮಡಗಾಸ್ಕರ್ ದ್ವೀಪ.

ನಾನು ವೃತ್ತಿಯಿಂದ ಕನ್ನಡ ಪಂಡಿತ. ಹೆಸರು ಕಂಡಲ್ಲಿ ಬಿಡಿಸಿ ನೋಡುವುದು ನನ್ನ ಹಳೆಯ ಚಾಳಿ. ಈ ಗಿಡಕ್ಕೆ ಸಂಸ್ಕೃತದಲ್ಲಿ ಪರ್ಣಬೀಜ ಎಂಬ ಹೆಸರುಂಟು. ಪರ್ಣವೇ ಬೀಜವಾಗಿ ಉಳ್ಳದ್ದು ಯಾವುದೋ ಅದು ಪರ್ಣಬೀಜ, ಬಹುವ್ರೀಹಿ ಸಮಾಸ. ಬ್ರಯೋಫಿಲ್ಲಮ್ ಎಂಬ ಗ್ರೀಕ್ ಮೂಲದ ಹೆಸರನ್ನು ಬಿಡಿಸಿದರೂ ಚಿಗುರುವ ಎಲೆ ಎಂಬ ಅರ್ಥವೇ ಬರುತ್ತದೆ. ಒಂದನ್ನೊಂದು ಕಾಣದ ಎರಡು ಭಾಷೆಗಳು ಒಂದೇ ಗುಣವನ್ನು ನೋಡಿ ಹೆಸರಿಟ್ಟಿವೆ. ಆ ಹೆಸರಿನಲ್ಲಿಯೇ ಗಿಡವನ್ನು ಉಳಿಸುವ ಉಪಾಯವೂ ಅಡಗಿತ್ತು. ಸಮಾಸ ಬಿಡಿಸಬಲ್ಲವನಾದರೂ ಆ ಉಪಾಯ ನನಗೆ ಹೊಳೆಯಲಿಲ್ಲ.

ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ನಮ್ಮದು ಹಳೆಯ ಮಾಳಿಗೆಯ ಮನೆ. ಮೂಡಣ ದಿಕ್ಕಿನ ಜಗಲಿಯ ಅಂಚಿನಲ್ಲಿ, ಬಾಯಿ ಒಡೆದ ಒಂದು ಕೊಡದಲ್ಲಿ ನಮ್ಮವ್ವ ಈ ಗಿಡವನ್ನು ಹಾಕಿದ್ದಳು. ಅವಳು ಅದಕ್ಕೆ ಆರೈಕೆ ಮಾಡಿದ್ದನ್ನು ನಾನು ಕಂಡವನಲ್ಲ. ಕೈ ತೊಳೆದ ನೀರು ಎಂದಾದರೊಮ್ಮೆ ಬೀಳುತ್ತಿತ್ತು. ಉದ್ದ ಬೆಳೆಯಿತೆಂದರೆ ತುದಿಯನ್ನು ಮುರಿದು ಪಕ್ಕದಲ್ಲಿಯೇ ಚುಚ್ಚುತ್ತಿದ್ದಳು. ಮನೆಗೆ ಬಂದ ಹೆಣ್ಣುಮಕ್ಕಳು ಹೊರಟು ನಿಂತಾಗ ಕುಂಕುಮ ಕೊಟ್ಟು, ಜೊತೆಗೆ ಒಂದು ಎಲೆಯನ್ನು ಹರಿದು ಕೊಡುತ್ತಿದ್ದಳು. “ಇದಕ್ಕ ಏನೂ ಮಾಡಬ್ಯಾಡವ್ವ, ಮಣ್ಣಿನ ಮ್ಯಾಲೆ ಒಗದುಬಿಡು, ಬ್ಯಾಡ ಅಂದ್ರೂ ಬದುಕತೈತಿ” ಎನ್ನುವುದು ಅವಳ ಮಾತು.

ಅವ್ವ ತೀರಿಕೊಂಡ ವರ್ಷದ ಬೇಸಿಗೆ ಕಡುವಾಗಿತ್ತು. ಅವಳ ಗಿಡ ಬಿಸಿಲಿಗೆ ಒಣಗಿಹೋದೀತೆಂಬ ಭಯದಿಂದ ನಾನು ಅದನ್ನು ಹೊಸ ಕುಂಡಕ್ಕೆ ಬದಲಾಯಿಸಿ, ಪಡಸಾಲೆಯಲ್ಲಿ ರೇಡಿಯೋ ಇಟ್ಟಿರುವ ಮೇಜಿನ ಪಕ್ಕಕ್ಕೆ ತಂದಿಟ್ಟೆನು. ಬೆಳಗಿನ ವಾರ್ತೆ ಕೇಳುತ್ತ ದಿನಕ್ಕೊಂದು ತಂಬಿಗೆ ನೀರು ಹಾಕುವುದು ನನ್ನ ನಿತ್ಯಕರ್ಮವಾಯಿತು. ಮೂರು ತಿಂಗಳಲ್ಲಿ ಗಿಡದ ರೂಪವೇ ಕೆಟ್ಟಿತು. ಕಾಂಡವು ಕೊಕ್ಕರೆಯ ಕಾಲಿನಂತೆ ಉದ್ದಕ್ಕೆ ಬೆಳೆದು, ಬೆಳಕಿಂಡಿಯ ಕಡೆಗೆ ಕತ್ತು ಚಾಚಿತು. ಗೆಣ್ಣಿನಿಂದ ಗೆಣ್ಣಿಗೆ ಒಂದು ಅಂಗುಲ ಇದ್ದ ಅಂತರ ಮೂರು ಅಂಗುಲವಾಯಿತು. ಹೊಸ ಎಲೆಗಳು ಸಣ್ಣವಾಗಿ, ಬಿಳಿಚಿಕೊಂಡು ಬಂದವು, ಕೆಳಗಿನವು ಉದುರಿದವು. ನಾನು ಒಂದು ಕೋಲು ನೆಟ್ಟು ಕಟ್ಟಿದೆನು. ಪಕ್ಕದ ಮನೆಯ ಹಿರಿಯರು ನೋಡಿ, “ಏನ್ರೀ ಮಾಸ್ತರ್ರ, ಗಿಡಕ್ಕ ಬಾಣಂತನ ಮಾಡಾಕ ಹತ್ತೀರೇನು?” ಎಂದು ನಕ್ಕರು. ಬಿಸಿಲು ಬೇಕಿದ್ದೀತೆಂದು ಒಂದು ದಿನ ಮಧ್ಯಾಹ್ನ ಅದನ್ನು ಅಂಗಳಕ್ಕೆ ಒಯ್ದಿಟ್ಟೆ. ಸಂಜೆಯೊಳಗೆ ಎಲೆಗಳ ಮೇಲೆ ಸುಟ್ಟ ಕಲೆಗಳು ಎದ್ದವು. ಗಾಬರಿಯಾಗಿ ಒಳಗೆ ತಂದು ಇನ್ನೂ ಹೆಚ್ಚು ನೀರು ಹಾಕಿದೆ. ವಾರದೊಳಗೆ ಬುಡ ಕಪ್ಪಾಗಿ ಮೆತ್ತಗಾಯಿತು. ಒಂದು ರಾತ್ರಿ ಗಿಡ ಕೋಲಿನ ಸಮೇತ ರೇಡಿಯೋದ ಮೇಲೆಯೇ ಒರಗಿತು. ಉಳಿದ ತುದಿಯನ್ನು ಕತ್ತರಿಸಿ ಆಗಲೇ ಒದ್ದೆ ಎರೆಮಣ್ಣಿಗೆ ಚುಚ್ಚಿದೆ. ಅದೂ ಕೊಳೆಯಿತು.

ಮನೆಯಾಕೆ ಒಂದು ಮಾತನ್ನೂ ಆಡದೆ ಕುಂಡವನ್ನು ಹಿತ್ತಿಲಿಗೆ ಒಯ್ದಿಟ್ಟಳು. ನನಗಂತೂ ಅವ್ವನನ್ನು ಎರಡನೆಯ ಸಲ ಕಳೆದುಕೊಂಡಂತಾಯಿತು. ಗಿಡವೊಂದಕ್ಕೆ ಇಷ್ಟು ಸಂಕಟವೇ ಎಂದು ವಾಚಕರು ನಗಬಹುದು. ಆದರೆ ತೀರಿಹೋದವರ ಕೈಯ ಗಿಡ ಮನೆಯಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಮಳೆಗಾಲದಲ್ಲಿ ಸಿರುಗುಪ್ಪದಲ್ಲಿರುವ ಚಿಕ್ಕವ್ವನ ಮನೆಗೆ ಹೋಗಿದ್ದೆ. ಹಿತ್ತಿಲಲ್ಲಿ, ಬಚ್ಚಲ ಗೋಡೆಯ ಮಗ್ಗುಲಿಗೆ ಕಾಡುಬಸಳೆಯ ದೊಡ್ಡ ಪೊದೆಯೇ ನಿಂತಿತ್ತು. ನಾನು ಅದನ್ನೇ ನೋಡುತ್ತ ನಿಂತದ್ದನ್ನು ಕಂಡು ಚಿಕ್ಕವ್ವ, “ನಿಮ್ಮವ್ವ ಕೊಟ್ಟದ್ದ ಇದು, ತಮ್ಮಾ. ಎಷ್ಟ ಬೇಕಷ್ಟ ಹರಕೊಂಡು ಹೋಗು” ಎಂದಳು. ಎರಡು ಎಲೆಗಳನ್ನು ಪುಸ್ತಕದ ನಡುವೆ ಇಟ್ಟುಕೊಂಡು ಊರಿಗೆ ಮರಳಿದೆನು. ಈ ಸಲ ಮೊದಲು ಮಾಡಿದ ಕೆಲಸವೆಂದರೆ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರ ಬಳಿಗೆ ಹೋಗಿ, ನಾನು ಮಾಡಿದ ತಪ್ಪುಗಳನ್ನೆಲ್ಲ ಒಪ್ಪಿಸಿ, ಅವುಗಳಿಗೆ ಕಾರಣ ಕೇಳಿದ್ದು. ಅವರಿಂದ ಕೇಳಿ, ಓದಿ, ಮಾಡಿ ನೋಡಿ ತಿಳಿದುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಗಿಡ ಕಾಲುದ್ದವಾಗುವುದು ಏಕೆ? ನೀರು ಗೊಬ್ಬರ ಹೆಚ್ಚಾಗಿ ಪುಷ್ಟಿಯಿಂದ ಬೆಳೆಯಿತೆಂದು ನಾವು ಹಿಗ್ಗುತ್ತೇವೆ. ಅದು ಪುಷ್ಟಿಯಲ್ಲ, ಹಸಿವು. ಗಿಡಕ್ಕೆ ಅನ್ನವೆಂದರೆ ಬೆಳಕು. ಬೆಳಕು ಸಾಲದ ಕಡೆ ಗಿಡವು ಎಲೆಗೆ ಹಾಕಬೇಕಾದ ಬಂಡವಾಳವನ್ನು ಕಾಂಡಕ್ಕೆ ಹಾಕಿ, ಎಲ್ಲಿ ಬೆಳಕಿದೆಯೋ ಅಲ್ಲಿಗೆ ಹೇಗಾದರೂ ಮುಟ್ಟಬೇಕೆಂದು ಧಾವಿಸುತ್ತದೆ. ಕಾಂಡದ ಕೋಶಗಳು ಅಗಲವಾಗದೆ ಉದ್ದಕ್ಕೆ ಹಿಗ್ಗುತ್ತವೆ. ಆದುದರಿಂದಲೇ ಕಾಂಡ ತೆಳ್ಳಗೆ, ಗೆಣ್ಣುಗಳು ದೂರ ದೂರ.

ಗಿಡ ಬೆಳಕಿನ ಕಡೆಗೆ ಬಾಗುವುದನ್ನು ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸನೊಡನೆ ಪರೀಕ್ಷಿಸಿ, 1880ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಹುಲ್ಲಿನ ಎಳೆಯ ಮೊಳಕೆಯ ತುದಿಗೆ ಬೆಳಕು ಬೀಳದಂತೆ ಟೊಪ್ಪಿಗೆ ಹಾಕಿದರೆ ಮೊಳಕೆ ಬಾಗುತ್ತಿರಲಿಲ್ಲ. ತುದಿಯನ್ನು ಬಿಟ್ಟು ಕೆಳಭಾಗವನ್ನು ಮುಚ್ಚಿದರೆ ಬಾಗುತ್ತಿತ್ತು. ಬೆಳಕನ್ನು ಅರಿಯುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ಎಂದ ಮೇಲೆ ತುದಿಯಿಂದ ಕೆಳಕ್ಕೆ ಏನೋ ಸಂದೇಶ ಇಳಿಯುತ್ತಿರಬೇಕು. ಆ ಸಂದೇಶ ಒಂದು ದ್ರವ್ಯವೆಂಬುದನ್ನು ಹಾಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಸಸಿಗಳ ಮೇಲೆ ಪ್ರಯೋಗ ಮಾಡಿ 1928ರಲ್ಲಿ ಪ್ರಕಟಿಸಿದನು. ಅದಕ್ಕೆ ಮುಂದೆ ಆಕ್ಸಿನ್ ಎಂದು ಹೆಸರಾಯಿತು. ಒಂದೇ ಕಡೆಯಿಂದ ಬೆಳಕು ಬಿದ್ದಾಗ ಆಕ್ಸಿನ್ ನೆರಳಿನ ಮಗ್ಗುಲಿಗೆ ಸರಿದು ಅಲ್ಲಿನ ಕೋಶಗಳನ್ನು ಉದ್ದ ಮಾಡುತ್ತದೆ. ಒಂದು ಮಗ್ಗುಲು ಹೆಚ್ಚು ಬೆಳೆದರೆ ಕಾಂಡ ಇನ್ನೊಂದು ಮಗ್ಗುಲಿಗೆ ಬಾಗಲೇಬೇಕಷ್ಟೆ. ನಮ್ಮ ಪಡಸಾಲೆಯ ಗಿಡ ಬೆಳಕಿಂಡಿಯ ಕಡೆಗೆ ಕತ್ತು ಚಾಚಿದ್ದರ ಗುಟ್ಟು ಇದೇ.

ಈ ಆಕ್ಸಿನ್ನಿಗೆ ಇನ್ನೊಂದು ಗುಣವುಂಟು. ತುದಿಯಿಂದ ಇಳಿದು ಬರುವ ಅದು ಕೆಳಗಿನ ಗೆಣ್ಣುಗಳಲ್ಲಿರುವ ಪಕ್ಕದ ಮೊಗ್ಗುಗಳು ಏಳದಂತೆ ತಡೆಯುತ್ತದೆ. ಅವಿಭಕ್ತ ಕುಟುಂಬದ ಯಜಮಾನನಿದ್ದಂತೆ ತುದಿ. ಅದು ಇರುವವರೆಗೆ ಉಳಿದವರು ತಲೆ ಎತ್ತುವಂತಿಲ್ಲ. ತುದಿಯನ್ನು ಕತ್ತರಿಸಿದರೆ ತಡೆ ತಪ್ಪಿ ಕೆಳಗಿನ ಮೊಗ್ಗುಗಳು ಚಿಗುರುತ್ತವೆ. ಅವ್ವ ತುದಿಯನ್ನು ಮುರಿಯುತ್ತಿದ್ದುದು ಇದಕ್ಕೇ. ಇನ್ನೊಂದು ಮಾತನ್ನು ಮನಸ್ಸಿನಲ್ಲಿಡಬೇಕು. ಒಮ್ಮೆ ಉದ್ದವಾದ ಕಾಂಡ ಬೆಳಕಿಗಿಟ್ಟರೂ ಮತ್ತೆ ಗಿಡ್ಡವಾಗುವುದಿಲ್ಲ, ದಪ್ಪ ಎಲೆಗಳಿಂದ ತುಂಬಿಕೊಳ್ಳುವುದೂ ಇಲ್ಲ. ಕೋಲು ಕಟ್ಟುವುದು, ಗೊಬ್ಬರ ಹಾಕುವುದು, ನೀರೆರೆಯುವುದು, ಇವೆಲ್ಲ ನಮ್ಮ ಸಮಾಧಾನಕ್ಕೆ. ಅಂಥ ಗಿಡಕ್ಕೆ ಇರುವ ಚಿಕಿತ್ಸೆ ಒಂದೇ: ಕತ್ತರಿಸಿ ಹೊಸದಾಗಿ ಹುಟ್ಟಿಸುವುದು.

ಇನ್ನು ನೀರಿನ ವಿಷಯ. ನನ್ನ ದಿನಕ್ಕೊಂದು ತಂಬಿಗೆ ನೀರು ಗಿಡವನ್ನು ಕೊಂದದ್ದೇಕೆ? ಇದಕ್ಕೆ ಉತ್ತರ ಹುಡುಕುತ್ತ ಹೋದಾಗ ನಮ್ಮ ನಾಡಿಗೇ ಸಂಬಂಧಿಸಿದ ಒಂದು ಹಳೆಯ ಸಂಗತಿ ದೊರೆಯಿತು. ಟಿಪ್ಪುವಿನ ಪತನಾನಂತರ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡವರಲ್ಲಿ ಬೆಂಜಮಿನ್ ಹೈನೆ ಎಂಬ ಜರ್ಮನ್ ವೈದ್ಯನೊಬ್ಬ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞನಾಗಿದ್ದ ಇವನು ಕರ್ನಲ್ ಮೆಕೆಂಜಿಯ ಮೈಸೂರು ಮೋಜಣಿಯಲ್ಲಿಯೂ ಕೆಲಸ ಮಾಡಿದವನು. ಹಿಂದೂಸ್ಥಾನದಲ್ಲಿದ್ದಾಗ ಈ ಕಾಡುಬಸಳೆಯ ಎಲೆಯನ್ನು ಬಾಯಿಗೆ ಹಾಕಿಕೊಂಡು ಒಂದು ವಿಚಿತ್ರವನ್ನು ಕಂಡನು. ಬೆಳಿಗ್ಗೆ ಎಲೆ ಬಹಳ ಹುಳಿ. ಹೊತ್ತೇರಿದಂತೆ ಹುಳಿ ಇಳಿದು ಮಧ್ಯಾಹ್ನಕ್ಕೆ ಸಪ್ಪೆ. ಸಂಜೆಗೆ ತುಸು ಕಹಿ. ಈ ಸಂಗತಿಯನ್ನು ಅವನು 1813ರಲ್ಲಿ ಒಂದು ಪತ್ರದಲ್ಲಿ ಬರೆದನು. ಅದು 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ನಡವಳಿಕೆಗಳಲ್ಲಿ ಅಚ್ಚಾಯಿತು.

ಹೈನೆಯ ನಾಲಗೆ ಕಂಡದ್ದನ್ನು ವಿಜ್ಞಾನವು ಅರ್ಥಮಾಡಿಕೊಂಡುದು ಬಹಳ ಕಾಲದ ಮೇಲೆ. ಸಾಮಾನ್ಯ ಗಿಡಗಳು ಎಲೆಯಲ್ಲಿರುವ ಸೂಕ್ಷ್ಮ ರಂಧ್ರಗಳನ್ನು ಹಗಲಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ವಾಯುವನ್ನು ಒಳಗೆಳೆದುಕೊಳ್ಳುತ್ತವೆ. ರಂಧ್ರ ತೆರೆದರೆ ಒಳಗಿನ ನೀರು ಆವಿಯಾಗಿ ಹೋಗುವುದು ತಪ್ಪದು. ಕಾಡುಬಸಳೆ ಜಾಣ ಗಿಡ. ಅದು ಹಗಲಿನಲ್ಲಿ ಬಾಗಿಲು ಹಾಕಿಕೊಂಡಿರುತ್ತದೆ. ತಂಪಾದ ರಾತ್ರಿಯಲ್ಲಿ ತೆರೆದು ವಾಯುವನ್ನು ಹಿಡಿದು, ಮ್ಯಾಲಿಕ್ ಆಮ್ಲದ ರೂಪದಲ್ಲಿ ಎಲೆಯೊಳಗೆ ಕೂಡಿಡುತ್ತದೆ. ಬೆಳಗಿನ ಹುಳಿ ಇದೇ. ಹಗಲು ಬೆಳಕು ಬಿದ್ದಾಗ ಕೂಡಿಟ್ಟುದನ್ನು ಒಡೆದು ಸಕ್ಕರೆ ಮಾಡಿಕೊಳ್ಳುತ್ತದೆ, ಹುಳಿ ಇಳಿಯುತ್ತದೆ. ನಮ್ಮ ಮೇಷ್ಟ್ರು ಮಕ್ಕಳಿಗೆ ಇದನ್ನು ಬಾಯಿಗೆ ಹಾಕದೆಯೇ ತೋರಿಸಿದರು. ಪ್ರಾರ್ಥನೆಗೆ ಮುಂಚೆ ಕಿತ್ತ ಎಲೆಯ ರಸವನ್ನೂ, ಸಂಜೆಯ ಗಂಟೆಗೆ ಕಿತ್ತ ಎಲೆಯ ರಸವನ್ನೂ ಆಮ್ಲ ಅಳೆಯುವ ಬಣ್ಣದ ಕಾಗದಕ್ಕೆ ಹಚ್ಚಿದರೆ ಎರಡು ಬಣ್ಣಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಇದರಿಂದ ಮನೆಯವರು ತಿಳಿಯಬೇಕಾದುದು ಏನು? ಇಷ್ಟೊಂದು ಮಿತವ್ಯಯಿಯಾದ ಗಿಡ ಕುಡಿಯುವ ನೀರು ಬಹಳ ಸ್ವಲ್ಪ. ಬೆಳಕೂ ಇಲ್ಲದ ಕಡೆ ಅದರ ಬಾಯಾರಿಕೆ ಇನ್ನೂ ಕಡಿಮೆ. ಕುಡಿಯದೆ ಉಳಿದ ನೀರು ಮಣ್ಣಿನಲ್ಲಿ ನಿಂತು, ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ. ಉಸಿರುಕಟ್ಟಿದ ಬೇರಿಗೆ ಬೂಷ್ಟು ತಗಲಿ ಬುಡ ಕೊಳೆಯುತ್ತದೆ. ಬೇರು ಕೊಳೆತ ಗಿಡದ ಎಲೆಯೂ ನೀರಿಲ್ಲದ ಗಿಡದ ಎಲೆಯಂತೆಯೇ ಸುಕ್ಕುಗಟ್ಟುವುದರಿಂದ ನಾವು ಬಾಯಾರಿಕೆಯೆಂದು ಬಗೆದು ಮತ್ತೆ ನೀರು ಹಾಕುತ್ತೇವೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಎಲೆ ಸುಕ್ಕಾದಾಗ ಮೊದಲು ಮಣ್ಣಿಗೆ ಬೆರಳು ಹಾಕಿ ನೋಡಬೇಕು. ಎರಡು ಅಂಗುಲ ಆಳದಲ್ಲಿ ಒಣಗಿದ್ದರೆ ಮಾತ್ರ ನೀರು. ಒದ್ದೆ ಇದ್ದರೆ ಬುಡವನ್ನು ಪರೀಕ್ಷಿಸಬೇಕು.

ಈಗ ಕತ್ತರಿಸುವ ಕ್ರಮ. ಇದಕ್ಕೆ ತಕ್ಕ ಕಾಲವೆಂದರೆ ಮೃಗಶಿರಾ ಮಳೆ ಬಿದ್ದು ನೆಲದ ಕಾವು ತಣಿದ ಮೇಲೆ. ಇಲ್ಲವೆ ದೀಪಾವಳಿಯಿಂದ ಸಂಕ್ರಾಂತಿಯವರೆಗೆ. ನಡುಬೇಸಿಗೆಯಲ್ಲಿ ಮಾಡಬಾರದು. ಗಿಡವನ್ನು ಕೂಡಲೇ ಬಿಸಿಲಿಗೆ ಒಯ್ಯಕೂಡದು. ನೆರಳಿನಲ್ಲಿ ಬೆಳೆದ ಎಲೆ ನಮ್ಮ ಬಿಸಿಲನ್ನು ತಾಳದು; ನನ್ನ ಗಿಡದ ಸುಟ್ಟ ಕಲೆಗಳು ಅದಕ್ಕೆ ಸಾಕ್ಷಿ. ಮೊದಲು ಕಿಟಕಿಯ ಬಳಿ, ಆಮೇಲೆ ಜಗಲಿಯ ನೆರಳಿನಲ್ಲಿ, ಆಮೇಲೆ ಬೆಳಗಿನ ಒಂದೆರಡು ತಾಸಿನ ಬಿಸಿಲಿನಲ್ಲಿ, ಹೀಗೆ ಹತ್ತು ಹದಿನೈದು ದಿನ ಮೆಟ್ಟಿಲು ಮೆಟ್ಟಿಲಾಗಿ ರೂಢಿಮಾಡಬೇಕು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಮೂಡಣ ಜಗಲಿ ಇದಕ್ಕೆ ಅತ್ಯುತ್ತಮ ಸ್ಥಾನ. ಬಿಸಿಲು ಕಂಡ ಎಲೆಯ ಅಂಚು ಕೆಂಪಾದರೆ ಗಾಬರಿಪಡಬೇಕಾಗಿಲ್ಲ, ಅದು ರೋಗವಲ್ಲ.

ಬಳಿಕ ಹರಿತವಾದ ಚಾಕುವನ್ನು ತೊಳೆದು ಒರೆಸಿ, ತುದಿಯಿಂದ ಐದಾರು ಅಂಗುಲ ಕೆಳಗೆ, ಒಂದು ಗೆಣ್ಣಿನ ಕೆಳಗಡೆ ಒಂದೇ ಏಟಿಗೆ ಕತ್ತರಿಸಬೇಕು. ಕೊಯ್ದ ಜಾಗ ಒಳಗೆ ಹಸಿರಾಗಿ ಗಟ್ಟಿಯಾಗಿರಬೇಕು. ಕಂದು ಬಣ್ಣ ಕಂಡರೆ ಆರೋಗ್ಯವಾದ ಭಾಗ ಸಿಗುವವರೆಗೆ ಮೇಲೆ ಮೇಲೆ ಕತ್ತರಿಸುತ್ತ ಹೋಗಬೇಕು. ಕೆಳಗಿನ ಒಂದು ಜೊತೆ ಎಲೆಗಳನ್ನು ತೆಗೆದು ಪ್ರತ್ಯೇಕವಾಗಿ ಇಡಿ, ಅವೂ ಉಪಯೋಗಕ್ಕೆ ಬರುತ್ತವೆ. ಮುಂದಿನ ಹೆಜ್ಜೆಯಲ್ಲಿಯೇ ನಾನು ಎಡವಿದ್ದು. ಕತ್ತರಿಸಿದ ತುಂಡನ್ನು ಕೂಡಲೇ ನೆಡಬಾರದು. ನೆರಳಿನಲ್ಲಿ, ಗಾಳಿಯಾಡುವ ಕಡೆ, ಮೂರು ನಾಲ್ಕು ದಿನ ಹಾಗೆಯೇ ಮಲಗಿಸಿಡಬೇಕು. ನಮ್ಮ ಗಾಯಕ್ಕೆ ಹಕ್ಕಳೆ ಕಟ್ಟುವಂತೆ ಕೊಯ್ದ ಬಾಯಿ ಒಣಗಿ ಮುಚ್ಚಿಕೊಳ್ಳುತ್ತದೆ. ಹಸಿ ಗಾಯದ ಮೂಲಕವೇ ಕೊಳೆರೋಗ ಒಳಗೆ ಹೋಗುವುದು. ಎಲೆಯಲ್ಲಿ ನೀರು ತುಂಬಿರುವುದರಿಂದ ನಾಲ್ಕು ದಿನದಲ್ಲಿ ತುಂಡು ಸಾಯುವ ಭಯವಿಲ್ಲ.

ಹಕ್ಕಳೆ ಕಟ್ಟಿದ ತುಂಡನ್ನು ಎರಡು ಅಂಗುಲ ಆಳಕ್ಕೆ ನೆಟ್ಟು ಸುತ್ತ ಮಣ್ಣನ್ನು ಅದುಮಿ ನಿಲ್ಲಿಸಿ. ನಾಲ್ಕೈದು ದಿನ ನೀರು ಬೇಡ. ಆಮೇಲೆ ಮಣ್ಣು ಒಣಗಿದಾಗ ಮಾತ್ರ ಸ್ವಲ್ಪ ಸ್ವಲ್ಪ. ಎರಡು ಮೂರು ವಾರಗಳಲ್ಲಿ ತುಂಡನ್ನು ಮೆಲ್ಲಗೆ ಎಳೆದರೆ ಮಣ್ಣು ಹಿಡಿದುಕೊಂಡಿರುವುದು ಕೈಗೆ ತಿಳಿಯುತ್ತದೆ. ಬೇರು ಬಿಟ್ಟಿತೆಂದು ಅರ್ಥ. ಹಳೆಯ ಬುಡ ಗಟ್ಟಿಯಾಗಿದ್ದರೆ ಅದನ್ನೂ ಬಿಸಾಡಬೇಡಿ. ಮೂರು ನಾಲ್ಕು ಗೆಣ್ಣುಗಳನ್ನು ಉಳಿಸಿ ಬೆಳಕಿಗಿಟ್ಟರೆ ಪಕ್ಕದ ಮೊಗ್ಗುಗಳು ಚಿಗುರಿ ಎರಡು ಮೂರು ಕವಲಿನ ಪೊದೆಯಾಗುತ್ತದೆ. ಎಲೆಯಿಲ್ಲದ ಬೋಳುಬುಡಕ್ಕೆ ನೀರು ಬಹಳ ಕಡಿಮೆ ಸಾಕು.

ಮಣ್ಣಿನ ಬಗ್ಗೆ ನಮ್ಮ ಭಾಗದವರು ವಿಶೇಷವಾಗಿ ಎಚ್ಚರವಹಿಸಬೇಕು. ನಮ್ಮ ಎರೆಮಣ್ಣು ಹತ್ತಿ ಜೋಳಗಳಿಗೆ ತಾಯಿ. ಕುಂಡದ ರಸಭರಿತ ಗಿಡಕ್ಕೆ ಮಾತ್ರ ಮಲತಾಯಿ. ಒದ್ದೆಯಾದರೆ ಅಂಟಾಗಿ ನೀರು ಹಿಡಿದುಕೊಳ್ಳುತ್ತದೆ, ಒಣಗಿದರೆ ಬಿರುಕುಬಿಟ್ಟು ಬೇರನ್ನು ಹರಿಯುತ್ತದೆ. ಮಣ್ಣು ಒಂದು ಪಾಲು, ಹೊಳೆಯ ಉಸುಕು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅರ್ಧ ಪಾಲು ಬೆರೆಸಬೇಕು. ಬತ್ತದ ಸೀಮೆಯಾದ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳಿಗೆ ಕೊರತೆಯಿಲ್ಲ. ಅಲ್ಲಿ ಅರೆಬೆಂದು ಕರಿದಾದ ಹೊಟ್ಟು ಸಿಕ್ಕರೆ ಅದನ್ನೂ ಅರ್ಧ ಪಾಲು ಸೇರಿಸಿದರೆ ಮಣ್ಣು ಹಗುರಾಗಿ ಗಾಳಿಯಾಡುತ್ತದೆ. ಪೂರ್ತಿ ಸುಟ್ಟ ಬಿಳಿಯ ಬೂದಿ ಬೇಡ, ಅದರಲ್ಲಿ ಕ್ಷಾರ ಹೆಚ್ಚು. ಕುಂಡದ ತಳದಲ್ಲಿ ತೂತು ಇರಲೇಬೇಕು. ತೂತಿನ ಮೇಲೆ ಒಂದು ಬೋಕಿಯನ್ನು ಬೋರಲು ಹಾಕಿದರೆ ಮಣ್ಣು ಸೋರದು, ನೀರು ನಿಲ್ಲದು. ಅವ್ವನ ಒಡೆದ ಕೊಡದಲ್ಲಿ ಕೆಳಗಿನ ಸೀಳಿನಿಂದ ನೀರು ತಾನಾಗಿ ಬಸಿದುಹೋಗುತ್ತಿತ್ತು. ನಾನು ಕೊಂಡು ತಂದ ಅಂದವಾದ ಕುಂಡಕ್ಕೆ ತೂತೇ ಇರಲಿಲ್ಲ.

ಇನ್ನು ಈ ಗಿಡದ ನಿಜವಾದ ಸೊಗಸಾದ ಎಲೆಯ ಸಂತಾನಕ್ಕೆ ಬರೋಣ. ದಪ್ಪನೆಯ ಬಲಿತ ಎಲೆಯೊಂದನ್ನು ಉಸುಕು ಬೆರೆತ ತೇವದ ಮಣ್ಣಿನ ಮೇಲೆ ಅಂಗಾತ ಮಲಗಿಸಿ, ಅಂಚುಗಳು ಮಣ್ಣಿಗೆ ತಾಗುವಂತೆ ಒಂದೆರಡು ಸಣ್ಣ ಕಲ್ಲುಗಳನ್ನು ಮೇಲಿಟ್ಟರೆ ಸಾಕು. ಎಲೆಯನ್ನು ಹೂಳಬಾರದು. ಹತ್ತು ಹದಿನೈದು ದಿನಗಳಲ್ಲಿ ಅಂಚಿನ ಕಚ್ಚುಗಳಲ್ಲಿ ಮೊದಲು ಬಿಳಿಯ ಬೇರಿನ ಎಳೆಗಳೂ, ಜೊತೆಗೆ ಸಾಸಿವೆ ಕಾಳಿನಷ್ಟು ಎಲೆಗಳೂ ಕಾಣಿಸುತ್ತವೆ. ತಾಯಿ ಎಲೆ ತನ್ನಲ್ಲಿದ್ದ ನೀರನ್ನೂ ಸಾರವನ್ನೂ ಮರಿಗಳಿಗೆ ಕೊಡುತ್ತ ಸುಕ್ಕಾಗಿ ಕೊನೆಗೆ ಒಣಗುತ್ತದೆ. ಮರಿಗಳಿಗೆ ನಾಲ್ಕಾರು ಎಲೆ ಬಂದ ಮೇಲೆ ಬೇರು ಹರಿಯದಂತೆ ಬಿಡಿಸಿ ಬೇರೆ ಬೇರೆ ಕುಂಡಗಳಿಗೆ ಹಾಕಬಹುದು. ಒಂದು ಎಲೆಯಿಂದ ಹಲವು ಗಿಡಗಳು ಸಿಗುತ್ತವೆ. ಮಕ್ಕಳು ಎಲೆಯನ್ನು ಪುಸ್ತಕದ ನಡುವೆ ಇಟ್ಟರೆ ಅಲ್ಲಿಯೂ ಮರಿ ಹುಟ್ಟುತ್ತದೆ. ಆದರೆ ಬೇಗನೆ ಮಣ್ಣಿಗೆ ಇಳಿಸದಿದ್ದರೆ ಬೆಳಕಿಲ್ಲದೆ ಅವೂ ಬಿಳಿಚಿ ಕಾಲುದ್ದವಾಗುತ್ತವೆ.

ಗಿಡದ ಮೇಲಿರುವಾಗ ಸುಮ್ಮನಿರುವ ಎಲೆ, ಕಿತ್ತ ಕೂಡಲೇ ಮರಿ ಹಾಕುವುದೇಕೆ? ಕಾಡುಬಸಳೆಯ ಎಲೆಯಂಚಿನ ಕಚ್ಚುಗಳಲ್ಲಿ ಚಿಗುರುವ ಶಕ್ತಿ ಮಲಗಿರುತ್ತದೆ; ತಾಯಿಗಿಡದ ಸಂಬಂಧ ಕಡಿದಾಗ ಅದು ಎಚ್ಚರಗೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನೀಲಿಮಾ ಸಿನ್ಹಾ ಮತ್ತು ಅವರ ಸಂಗಡಿಗರು ಈ ಜಾತಿಯ ಗಿಡಗಳನ್ನು ಪರೀಕ್ಷಿಸಿ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸಾಮಾನ್ಯವಾಗಿ ಕಾಂಡದ ತುದಿಯಲ್ಲಿ ಚಿಗುರನ್ನು ನಡೆಸುವ ವಂಶವಾಹಿಯೇ ಈ ಗಿಡಗಳಲ್ಲಿ ಎಲೆಯ ಅಂಚಿನಲ್ಲಿಯೂ ಕೆಲಸ ಮಾಡುತ್ತದೆ ಎಂಬುದು ಅವರು ಕಂಡ ಮುಖ್ಯ ಸಂಗತಿ. ಜರ್ಮನಿಯ ಮಹಾಕವಿ ಗಯಟೆಗೂ ಈ ಎಲೆಯೆಂದರೆ ಬಹಳ ಪ್ರೀತಿ. ಅವನು ತನ್ನ ಕುಂಡಗಳಲ್ಲಿ ಇದನ್ನು ಬೆಳೆಸಿ ಸ್ನೇಹಿತರಿಗೆ ಎಲೆಗಳನ್ನೂ ಮರಿಗಳನ್ನೂ ಕಳುಹಿಸುತ್ತಿದ್ದನು. ಇಂದಿಗೂ ಜರ್ಮನರು ಇದನ್ನು ಗಯಟೆಯ ಗಿಡವೆಂದೇ ಕರೆಯುತ್ತಾರೆ. ಓದು ಬರೆಹ ಹೆಚ್ಚಾಗಿ ಅರಿಯದ ನಮ್ಮವ್ವನೂ ಆ ಮಹಾಕವಿಯೂ ಒಂದೇ ಕೆಲಸವನ್ನು ಮಾಡುತ್ತಿದ್ದರೆಂಬುದು ತಿಳಿದಾಗ ನನಗೆ ಆದ ಸಂತೋಷವನ್ನು ಮರೆಮಾಚಲಾರೆ.

ಎರಡು ಎಚ್ಚರಿಕೆಯ ಮಾತುಗಳನ್ನು ಹೇಳದಿದ್ದರೆ ಈ ಬರೆಹ ಅಪೂರ್ಣ. ಮೊದಲನೆಯದು ದನಕರುಗಳನ್ನು ಕುರಿತದ್ದು. ಈ ಗಿಡದಲ್ಲಿ, ಅದರಲ್ಲಿಯೂ ಹೂವಿನಲ್ಲಿ, ಹೃದಯದ ಮೇಲೆ ಪರಿಣಾಮ ಮಾಡುವ ವಿಷದ ಅಂಶ ಉಂಟು; ಆಸ್ಟ್ರೇಲಿಯದಲ್ಲಿ ಈ ಜಾತಿಯ ಗಿಡಗಳನ್ನು ಮೇಯ್ದ ದನಗಳು ಸತ್ತಿವೆ. ಆದುದರಿಂದ ಕತ್ತರಿಸಿದ ಹೆಚ್ಚಿನ ತುಂಡುಗಳನ್ನು ಆಡು ದನಗಳ ಬಾಯಿಗೆ ಸಿಗುವಂತೆ ತಿಪ್ಪೆಗೆ ಎಸೆಯಬಾರದು. ಕಾಲುವೆಯ ದಂಡೆಗೋ ಹೊಲದ ಬದುವಿಗೋ ಎಸೆಯುವುದೂ ಸಲ್ಲದು, ಬಿದ್ದ ಪ್ರತಿ ಎಲೆಯೂ ಬೇರೂರುವ ಗಿಡ ಇದು. ಹವಾಯಿ, ಗ್ಯಾಲಪಗೋಸ್ ಮುಂತಾದ ದ್ವೀಪಗಳಲ್ಲಿ ಇದು ಕಳೆಯಾಗಿ ಹಬ್ಬಿ ಅಲ್ಲಿನ ಸ್ವಂತ ಸಸ್ಯಗಳಿಗೆ ಕಂಟಕವಾಗಿದೆ. ಬೇಡವಾದುದ್ದನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಸುಡುವುದು ಲೇಸು.

ಎರಡನೆಯದು ಮದ್ದನ್ನು ಕುರಿತದ್ದು. ಮೂತ್ರದ ಕಲ್ಲಿಗೆ ಇದರ ಎಲೆಯನ್ನು ತಿನ್ನುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ರೂಢಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಇದನ್ನೇ ಹೋಲುವ, ಕೊಳವೆಯಂಥ ಸಣ್ಣ ಎಲೆಯ ತುದಿಯಲ್ಲಿ ಮರಿ ಹಾಕುವ ಅಲಂಕಾರದ ತಳಿಯೊಂದು ಈಗ ಪೇಟೆಯ ಕುಂಡಗಳಲ್ಲಿ ಬಂದಿದೆ. ಅದು ಹೆಚ್ಚು ವಿಷಕರ. ಹೆಸರು ಕೇಳಿ ಎಲೆ ತಿನ್ನುವುದು ಅಪಾಯ. ಹೃದ್ರೋಗಕ್ಕೆ ಔಷಧ ತೆಗೆದುಕೊಳ್ಳುವವರು, ಬಸುರಿಯರು, ಮಕ್ಕಳು ವೈದ್ಯರನ್ನು ಕೇಳದೆ ಇದನ್ನು ಬಾಯಿಗೆ ಹಾಕಬಾರದು.

ಗಿಡಕ್ಕೆ ಬರುವ ಕಾಟವೆಂದರೆ ಹಿಟ್ಟು ತಿಗಣೆ. ಗೆಣ್ಣಿನ ಸಂದಿಯಲ್ಲಿ ಹತ್ತಿಯಂತೆ ಬಿಳಿಯದು ಕಂಡರೆ ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮನೆಯ ಇತರ ರಸಭರಿತ ಗಿಡಗಳಿಗೂ ಬೆಳಕು ನೀರಿನ ಈ ನಿಯಮಗಳೇ ಸಲ್ಲುತ್ತವೆ. ಸಂತಾನದ ಬಗೆ ಮಾತ್ರ ಬೇರೆ. ಲೋಳೆಸರದ ಎಲೆಯನ್ನು ನೆಟ್ಟರೆ ಕೊಳೆಯುತ್ತದೆ, ಬುಡದ ಪಕ್ಕದಲ್ಲಿ ಏಳುವ ಮರಿಗಳನ್ನೇ ಬಿಡಿಸಿ ನೆಡಬೇಕು. ದೊಡ್ಡಪತ್ರೆ ಉದ್ದವಾಗಿ ಬೋಳಾದರೆ ತುದಿಯನ್ನು ಚಿವುಟಿ ಕೂಡಲೇ ತೇವದ ಮಣ್ಣಿನಲ್ಲಿ ಚುಚ್ಚಬಹುದು, ಅದಕ್ಕೆ ಹಕ್ಕಳೆ ಕಟ್ಟಿಸುವ ಅಗತ್ಯವಿಲ್ಲ.

ಚಿಕ್ಕವ್ವನ ಮನೆಯ ಆ ಎರಡು ಎಲೆಗಳಿಂದ ನನಗೆ ಒಂಬತ್ತು ಗಿಡಗಳಾದವು. ಒಂದು ಅವ್ವ ಇಡುತ್ತಿದ್ದ ಜಗಲಿಯ ಅಂಚಿನಲ್ಲಿಯೇ ಇದೆ. ಬೋಕಿ ಹಾಕಿದ ಹಳೆಯ ಕೊಡದಲ್ಲಿ, ಗಿಡ್ಡಾಗಿ, ಗಟ್ಟಿಯಾಗಿ. ಮೇಜಿನ ಪಕ್ಕ ಈಗ ಖಾಲಿ. ಮನೆಯಾಕೆ ರೇಡಿಯೋ ಕೇಳುತ್ತ ಅಕ್ಕಿ ಆರಿಸಲು ಅಲ್ಲಿ ಮಣೆ ಹಾಕಿಕೊಂಡಿದ್ದಾಳೆ. ಉಳಿದ ಎಂಟು ಗಿಡಗಳನ್ನು ನಾನು ಇಟ್ಟುಕೊಳ್ಳಲಿಲ್ಲ. ನಾನು ಜೋಪಾನ ಮಾಡಿದ ಗಿಡ ಸತ್ತಿತು. ಅವ್ವ ಹರಿದು ಕೊಟ್ಟ ಎಲೆ ಸಿರುಗುಪ್ಪದಲ್ಲಿ ಬದುಕಿ ನಮ್ಮ ಮನೆಗೆ ಮರಳಿತು. ಆದುದರಿಂದ ನಿಮ್ಮ ಮನೆಯ ಗಿಡ ಕಾಲುದ್ದವಾಗಿದ್ದರೆ ಈ ಮಳೆಗಾಲದಲ್ಲಿ ಧೈರ್ಯದಿಂದ ಚಾಕು ಹಿಡಿಯಿರಿ. ಕತ್ತರಿಸಿದಾಗ ಉಳಿದ ಎಲೆಗಳಲ್ಲಿ ಒಂದನ್ನಾದರೂ ಪಕ್ಕದ ಮನೆಯವರಿಗೆ, ಇನ್ನೊಂದನ್ನು ದೂರದ ಊರಿನ ನೆಂಟರಿಗೆ ಕೊಡಿರಿ. ಎಂದಾದರೂ ಒಂದು ಬೇಸಿಗೆಯಲ್ಲಿ ಅದನ್ನು ಕೇಳಿಕೊಂಡು ನೀವೇ ಅವರ ಬಾಗಿಲಿಗೆ ಹೋಗಬೇಕಾದೀತು.